ಕಂಡಿಕೆ ಸುತ್ತುವಾಗ ಮೈಕ್ ಹಿಡಿಯಿರಿ

ಗದಗಿನ ಬೆಟಗೇರಿ ನೇಕಾರರ ಮಾತುಕತೆ ಹತ್ತಿರ ಹತ್ತಿರ ನಲವತ್ತು ಕಂತು ಆಯಿತು. ನಮ್ಮ ಕಾಲೇಜಿನ ರೇಡಿಯೊದಲ್ಲಿ ಇಷ್ಟು ದಿನ ನಡೆದ ಸರಣಿ ಬೇರೊಂದಿಲ್ಲ. "ಮನೆಗೆ ಹೋಗಿ ರೆಕಾರ್ಡ್ ಮಾಡಿದರೆ ಗದ್ದಲ ಸಿಗುತ್ತದೆ, ಮಾತು ಸಿಗುವುದಿಲ್ಲ" ಎಂದು ಸೀನಿಯರ್‌ಗಳು ಹೇಳಿದ್ದರು. ಉಸ್ತುವಾರಿ ನೋಡುವ ಸರ್ ಕೂಡ ಅದನ್ನೇ ಹೇಳಿದ್ದರು. ಈಗ ಹೇಗೆ ಮಾಡಿದಿರಿ ಅಂತ ಅವರೇ ಕೇಳುತ್ತಿದ್ದಾರೆ. ಟ್ರಾನ್ಸ್‌ಮಿಟರ್, ಮಿಕ್ಸರ್, ಲೈಸೆನ್ಸಿನ ಕತೆ ಕಾಲೇಜು ರೇಡಿಯೊ ನಡೆಸುವ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಉಳಿದದ್ದು ಬರೆಯುತ್ತೇನೆ.

ನಮ್ಮಂಥ ಸಮುದಾಯ ರೇಡಿಯೊದಲ್ಲಿ ಅರ್ಧದಷ್ಟು ಕಾರ್ಯಕ್ರಮವಾದರೂ ಸುತ್ತಲಿನ ಜನರದ್ದೇ ಆಗಿರಬೇಕು ಎಂಬ ನಿಯಮ ಇದೆಯಲ್ಲ, ಅದಕ್ಕಾಗಿ ಮೊದಲ ವರ್ಷ ಜನರನ್ನೇ ಸ್ಟುಡಿಯೊಗೆ ಕರೆಸಿದೆವು. ಆಟೋಕ್ಕೆ ಹೋಗಿ ಬರಲು 160, ಚಹಾ ನಾಷ್ಟಾ 60-70, ಮೇಲೆ ಸಣ್ಣಪುಟ್ಟ ಖರ್ಚು. ಒಬ್ಬರಿಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. ಇಪ್ಪತ್ತು ಜನ ಬಂದರು. ಆರು ಸಾವಿರ ಹೋಯಿತು. ಪ್ರಸಾರಕ್ಕೆ ಯೋಗ್ಯ ಅನ್ನಿಸಿದ್ದು ಐದೋ ಆರೋ. ಉಳಿದವರೆಲ್ಲ ಮೈಕ್ ನೋಡುತ್ತಾ "ಹೌದ್ರಿ", "ಹಂಗೇನಿಲ್ರಿ" ಅಷ್ಟೇ. ಒಬ್ಬ ಅಮ್ಮ ಮೂರು ಸಲ ಕೇಳಿದರು: "ತಮ್ಮಾ, ಇನ್ನೂ ಎಷ್ಟ ಹೊತ್ತ ಆಕ್ಕೈತಿ?" ಮನೆಯಲ್ಲಿ ಮಗ್ಗ ನಿಂತಿತ್ತು. ಅವರಿಗೆ ಸೀರೆ ಲೆಕ್ಕದಲ್ಲಿ ಕೂಲಿ. ನಾವು ಕೊಟ್ಟ ಚಹಾದಿಂದ ಅದು ತುಂಬುತ್ತದೆಯೇ?

ಅದೇ ಅಮ್ಮ ಆಮೇಲೆ ಗೇಟಿನ ಹತ್ತಿರ ಕಟ್ಟೆ ಮೇಲೆ ಆಟೋ ಕಾಯುತ್ತಾ ಕೂತರು. ಕೈಚೀಲದ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತುತ್ತಾ ನೂಲಿನ ರೇಟು, ತವರು, ಮಗನ ಫೀ ಎಲ್ಲಾ ಹೇಳಿದರು. ಅರ್ಧ ಗಂಟೆ! ರೆಕಾರ್ಡರ್ ಒಳಗಿತ್ತು. ಕೈಗೆ ಕೆಲಸ ಸಿಕ್ಕ ಕೂಡಲೇ ಅವರ ಬಾಯಿ ಬಿಚ್ಚಿತ್ತು. ಅಲ್ಲಿಂದಲೇ ನನ್ನ ತಲೆಯಲ್ಲಿ ಇದು ಶುರುವಾಯಿತು.

ಬೆಟಗೇರಿಗೆ ಹೋದೆವು. ಮಗ್ಗದ ಪಕ್ಕ ಕೂತು ಕಾಲರ್ ಮೈಕ್ ಹಾಕಿದೆವು. ಲಾಳಿ ಓಡುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ನಿಲ್ಲಿಸಿ ಮಾತಾಡಿ ಅಂದರೆ ಮತ್ತೆ ಅದೇ "ಹಂಗೇನಿಲ್ರಿ". ಮೂರು ವಾರ, ಹನ್ನೊಂದು ರೆಕಾರ್ಡಿಂಗು, ಎಲ್ಲಾ ಕಸ. ಸರ್ ಸಿಟ್ಟಾಗಲಿಲ್ಲ. "ಬಿಟ್ಟುಬಿಡು" ಅಂದರು. ಆ ಮಾತೇ ಜಾಸ್ತಿ ನೋವಾಯಿತು.

ನಾಲ್ಕನೇ ವಾರ ಒಂದು ಮನೆಯ ಪಡಸಾಲೆಯಲ್ಲಿ ಒಬ್ಬ ಅಜ್ಜಿ ರಾಟಿ ಹಿಡಿದು ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ. ಒಂದು ಕೈ ತಿರುಗಿಸುತ್ತದೆ, ಇನ್ನೊಂದು ನೂಲು ಹಿಡಿಯುತ್ತದೆ, ಕಣ್ಣು ನೂಲಿನ ಮೇಲೆ. ಸದ್ದು ಸಣ್ಣಗೆ ಗುಂಯ್ ಅನ್ನುತ್ತದೆ ಅಷ್ಟೇ. ಎದುರಿಗೆ ಕೂರದೆ ಪಕ್ಕದಲ್ಲಿ ಕೂತೆ. ಪ್ರಶ್ನೆಯ ಚೀಟಿ ಚೀಲದಲ್ಲೇ ಉಳಿಯಿತು. ನಲವತ್ತು ನಿಮಿಷ ಮಾತಾಡಿದರು, ಮೂವತ್ತಕ್ಕೂ ಹೆಚ್ಚು ನಿಮಿಷ ಪ್ರಸಾರ ಮಾಡಿದೆವು. ಅದಕ್ಕಿಂತ ಮೊದಲು ಅಷ್ಟು ಚೆಂದದ ಮಾತು ನಮ್ಮ ಸ್ಟೇಷನ್ನಿನಿಂದ ಹೋಗಿರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆಮೇಲೆ ಪ್ರತಿ ಕಸುಬಿನಲ್ಲೂ ಇಂಥ ಹೊತ್ತು ಹುಡುಕತೊಡಗಿದೆವು. ಕೈಗೆ ಕೆಲಸ ಇರಬೇಕು, ಸದ್ದು ಕಡಿಮೆ ಇರಬೇಕು. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಶೀನ್ ಓಡುವಾಗ ಬೇಡ, ಹಾಳೆ ಮಡಚುವಾಗ ಹೋಗಿ. ಮನೆಗಳಲ್ಲಿ ರೊಟ್ಟಿ ಬಡಿಯುವಾಗ ಪ್ರಯತ್ನಿಸಿದೆವು, ಆಗಲಿಲ್ಲ, ತಟ್ಟುವ ಸದ್ದು ಮಾತಿನ ಮೇಲೇ ಬೀಳುತ್ತದೆ. ಕೌದಿ ಹೊಲಿಯುವವರು ಎಲ್ಲಕ್ಕಿಂತ ಸುಲಭ. ಬ್ಯಾಡಗಿಗೂ ಒಂದು ದಿನ ಹೋದೆವು. ಅಲ್ಲಿನ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ ನಿಜ. ಆದರೆ ತೊಟ್ಟು ಮುರಿಯುವ ಕಡೆ ಕೂತರೆ ಧೂಳಿನ ಘಾಟಿಗೆ ನಾವೂ ಕೆಮ್ಮು, ಅವರೂ ಕೆಮ್ಮು. ಬಸ್ ಖರ್ಚು, ಊಟ ಸೇರಿ 900 ರೂಪಾಯಿ, ಬಂದದ್ದು ಎರಡು ನಿಮಿಷ.

ಕಣಗಿನಹಾಳದಲ್ಲಿ ಬೇರೆ ಪಾಠ. 1905ರಲ್ಲಿ ಸಹಕಾರ ಸಂಘ ಕಟ್ಟಿದ ಊರು ಅದು. ಹಿರಿಯರಿಗೆ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಬಗ್ಗೆ ಬಹಳ ಅಭಿಮಾನ. ಕಟ್ಟೆ ಮೇಲೆ ಕೂರಿಸಿ ಕೇಳಿದರೆ ಎಲ್ಲರೂ ಭಾಷಣ ಮಾಡಿದರು, ಆಗಸ್ಟ್ ಹದಿನೈದರಂದು ಮಾಡುತ್ತಾರಲ್ಲ, ಹಾಗೆ. ಮರುವಾರ ಶೇಂಗಾ ಸುಲಿಯುವ ಮನೆಗೆ ಹೋಗಿ ಕೂತೆವು. ಅಲ್ಲಿ ತಮ್ಮ ಅಜ್ಜ ಸಂಘದಲ್ಲಿ ಸಾಲ ತಂದ ಕತೆ, ಎತ್ತು ಕೊಂಡ ಕತೆ ಬಂತು.

ಇನ್ನು ಸದ್ದಿನ ವಿಷಯ. ಮನೆಯ ಫ್ಯಾನ್ ಬಂದ್ ಮಾಡಿಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ರೆಕಾರ್ಡರಿನಲ್ಲಿ ಗರ್ ಗರ್ ಬರುತ್ತದೆ. ನಮ್ಮ ಎರಡು ಒಳ್ಳೆಯ ಕಂತು ಇದರಿಂದಲೇ ಹಾಳಾದವು. ಮಾತು ಮುಗಿದ ಮೇಲೆ ಎರಡು ನಿಮಿಷ ಬರೀ ರಾಟಿ ಸದ್ದು ಹಿಡಿದುಕೊಳ್ಳಿ. ಎಡಿಟ್ ಮಾಡುವಾಗ ಮಾತು ಕತ್ತರಿಸಿದ ಜಾಗದ ಕೆಳಗೆ ಅದನ್ನು ಹಾಸಬೇಕು.

ಅಷ್ಟು ಮಾಡಿದರೂ ಕತ್ತರಿಸಿದ್ದು ತಿಳಿಯುತ್ತಿತ್ತು. ನನ್ನ ಗೆಳೆಯನೊಬ್ಬ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಕಲಿತವನು. ಅವನಿಗೆ ಕಣ್ಣು ಕಾಣುವುದಿಲ್ಲ. ಒಂದು ಸಲ ಕೇಳಿ ಹೇಳಿದ: "ರಾಟಿ ಲಯ ತಪ್ಪೈತಿ ನೋಡ್." ನಾವು ಮಾತಿನ ಲೆಕ್ಕಕ್ಕೆ ಕತ್ತರಿಸುತ್ತಿದ್ದೆವು. ರಾಟಿ ಸುತ್ತು ಅರ್ಧಕ್ಕೆ ನಿಲ್ಲುತ್ತಿತ್ತು. ಈಗ ಸುತ್ತು ಪೂರ್ತಿಯಾದ ಕಡೆ ಕತ್ತರಿಸುತ್ತೇವೆ. ಕೊನೆಯ ಎಡಿಟಿಂಗ್ ಅವನದೇ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ನನಗಿಂತ ಬೇಗ ಮಾಡುತ್ತಾನೆ.

ಗಾಳಿಯ ಕಾಟ ಗದಗಿನವರಿಗೆ ಹೇಳಬೇಕಿಲ್ಲ. ಕಪ್ಪತಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ! ಮೈಕಿಗೆ ಹಾಕುವ ತುಪ್ಪಳದ ಟೊಪ್ಪಿಗೆ ಅಂಗಡಿಯಲ್ಲಿ 1,200 ಹೇಳಿದರು. ಸಂತೆಯಲ್ಲಿ 40 ರೂಪಾಯಿಗೆ ಹಳೇ ಗೊಂಬೆ ತಂದೆವು. ಅದರ ತುಪ್ಪಳ ಕತ್ತರಿಸಿ ನಮ್ಮ ಅವ್ವ ಹೊಲಿದುಕೊಟ್ಟಳು. ಎರಡು ಆಷಾಢ ಕಳೆದರೂ ಗಟ್ಟಿಯಾಗಿದೆ. ಸ್ಟುಡಿಯೊ ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿಗೂ ಒಂದು ಮಾತು. ನಾವು ಅಂಟಿಗೇ 800 ಸುರಿದೆವು, ಗುಂಯ್‌ಗುಡುವುದು ನಿಲ್ಲಲಿಲ್ಲ. ಐದು ದಪ್ಪ ಕೌದಿ ಗೋಡೆಯಿಂದ ಸ್ವಲ್ಪ ಬಿಟ್ಟು ನೇತುಹಾಕಿದೆವು, ತಕ್ಷಣ ವ್ಯತ್ಯಾಸ ಗೊತ್ತಾಯಿತು. ಒಟ್ಟು ಲೆಕ್ಕಕ್ಕೆ ದೊಡ್ಡ ಖರ್ಚು ರೆಕಾರ್ಡರ್ ಒಂದೇ, ಒಂಬತ್ತು ಸಾವಿರ ಚಿಲ್ಲರೆ. ಈಗ ಒಂದು ಕಂತಿಗೆ ಪೆಟ್ರೋಲ್ ಸೇರಿ 70 ದಾಟುವುದಿಲ್ಲ.

ಒಂದು ತಪ್ಪನ್ನು ಮುಚ್ಚಿಡುವುದಿಲ್ಲ. ಹೀಗೆ ಮಾತು ಸಲೀಸಾಗಿ ಬಂದಾಗ ಜನ ಹೇಳಬಾರದ್ದನ್ನೂ ಹೇಳುತ್ತಾರೆ. ಒಬ್ಬರು ಸಾಲ ಕೊಟ್ಟವನ ಕಾಟದ ಬಗ್ಗೆ ಹೇಳಿದ್ದನ್ನು ಹಾಗೇ ಪ್ರಸಾರ ಮಾಡಿಬಿಟ್ಟೆವು. ಹೆಸರು ಇರಲಿಲ್ಲ, ಆದರೆ ಓಣಿಗೆಲ್ಲ ದನಿ ಗೊತ್ತು. ಮರುದಿನ ಆ ಮನೆ ಮುಂದೆ ಜಗಳವಾಯಿತು. ನಾವು ಹೋಗಿ ಕ್ಷಮೆ ಕೇಳಿದೆವು. ಆವತ್ತಿನಿಂದ ಎಡಿಟ್ ಆದ ಕಂತನ್ನು ಅವರಿಗೇ ಮೊದಲು ಕೇಳಿಸುತ್ತೇವೆ. ತೆಗಿ ಅಂದದ್ದನ್ನು ತೆಗೆಯುತ್ತೇವೆ. ಆರು ಕಂತಿಗೆ ಒಬ್ಬರು ಏನಾದರೂ ತೆಗೆಸಿರಬಹುದು. "ಇದನ್ನೂ ಸೇರಿಸ್ರಿ" ಅನ್ನುವವರೇ ಜಾಸ್ತಿ.

ಮೊದಲ ಪ್ರಶ್ನೆ ಏನು ಕೇಳುತ್ತೇವೆ ಎಂಬುದನ್ನು ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಮ್ಮ ತಂಡಕ್ಕೆ ಒಂದು ವರ್ಷ ಹಿಡಿದಿದೆ. ರೆಕಾರ್ಡರನ್ನು ರಾಟಿಯ ಹತ್ತಿರ ಎಲ್ಲಿ ಇಡುತ್ತೇವೆ ಎಂಬುದೂ ಹಾಗೇ. ಬೆಟಗೇರಿಗೆ ಬನ್ನಿ, ಜೊತೆಯಲ್ಲಿ ಕೂತು ನೋಡಿ.

ಪವರ್‌ಲೂಮ್ ಮನೆಗಳಲ್ಲಿ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಅಲ್ಲಿ ಕಂಡಿಕೆಯನ್ನೂ ಮಶೀನೇ ಸುತ್ತುತ್ತದೆ. ಕರೆಂಟ್ ಹೋದಾಗ ಮಾತಾಡೋಣ ಅಂದರೆ ಅವರ ಗಮನವೆಲ್ಲ ಅದು ಯಾವಾಗ ಬರುತ್ತದೆ ಅನ್ನುವುದರ ಮೇಲೆ. ನೂಲಿನ ಎಳೆ ಕಡಿದಾಗ ಗಂಟು ಹಾಕುವ ಹೊತ್ತಿನಲ್ಲಿ ಪ್ರಯತ್ನಿಸುತ್ತಿದ್ದೇವೆ. ಸದ್ಯಕ್ಕೆ ಒಂದೊಂದು ಸಲಕ್ಕೆ ಒಂದೊಂದು ವಾಕ್ಯ ಸಿಗುತ್ತಿದೆ.