ಬ್ಲಾಗ್ ಶುರು ಮಾಡ್ಬೇಕಾ? ಮೊದ್ಲು ಮೂರು ಬರಹ ಬರೆದಿಟ್ಕೊಳ್ಳಿ

ಬ್ಲಾಗ್ ಮಾಡ್ಬೇಕು ಅಂತ ಹೊರಟೋರಲ್ಲಿ ಬಹಳ ಜನ ಮೊದಲ ವಾರ ಪೂರ್ತಿ ಹೆಸರು, ಬಣ್ಣ, ಟೆಂಪ್ಲೇಟ್ ಹುಡುಕೋದ್ರಲ್ಲೇ ಕಳೀತಾರೆ, ಆಮೇಲೆ ‘ನಮಸ್ಕಾರ, ಇದು ನನ್ನ ಹೊಸ ಬ್ಲಾಗ್’ ಅಂತ ಒಂದು ಪೋಸ್ಟ್ ಹಾಕ್ತಾರೆ, ಅಲ್ಲಿಗೆ ನಿಂತೋಗತ್ತೆ. ಅದಕ್ಕೇ ಯಾರು ಕೇಳಿದ್ರೂ ನಾನು ಹೇಳೋದು, ಅಕೌಂಟ್ ಓಪನ್ ಮಾಡೋಕೆ ಮುಂಚೆ ಮೂರು ಬರಹ ಬರೆದಿಟ್ಕೊಳ್ಳಿ, ಹಳೇ ನೋಟ್‌ಬುಕ್ಕಲ್ಲಾದ್ರೂ ಸರಿ, ಮೊಬೈಲಲ್ಲಾದ್ರೂ ಸರಿ.

ಏನು ಬರೀಬೇಕು ಅನ್ನೋದೇ ದೊಡ್ಡ ಪ್ರಶ್ನೆ. ನಿಮ್ಮ ಮನೆ, ನಿಮ್ಮ ಬೀದಿ, ನಿಮ್ಮ ಕೆಲಸದ ಜಾಗ, ಅಂದ್ರೆ ನೀವು ಬರೀದಿದ್ರೆ ಇನ್ಯಾರೂ ಬರೆಯೋಕಾಗದ್ದು ಬರೀರಿ. ‘ನಮ್ಮಜ್ಜಿ ತುಂಬಾ ಪ್ರೀತಿಯ ಹೆಂಗಸು’ ಅಂತ ಶುರು ಮಾಡಿದ್ರೆ ಓದೋರಿಗೆ ಏನೂ ಕಾಣಲ್ಲ. ಅದೇ ‘ಉಪ್ಪಿನಕಾಯಿ ಜಾಡಿಗೆ ಬಿಳಿ ಬಟ್ಟೆ ಕಟ್ಟೋವಾಗ ಅಜ್ಜಿ ಯಾರನ್ನೂ ಮಾತಾಡೋಕೆ ಬಿಡ್ತಿರ್ಲಿಲ್ಲ’ ಅಂತ ಬರೀರಿ, ಜಾಡಿನೂ ಕಾಣತ್ತೆ, ಅಜ್ಜಿನೂ ಕಾಣ್ತಾಳೆ. ಬರೆದಾದ್ಮೇಲೆ ಒಂದ್ಸಲ ಜೋರಾಗಿ ಓದಿ, ನಾಲಿಗೆ ಎಲ್ಲಿ ತಡವರಿಸತ್ತೋ ಅಲ್ಲಿ ವಾಕ್ಯ ಮುರೀರಿ. ಮೊದಲ ಪ್ಯಾರಾ ತೆಗೆದು ನೋಡಿ, ಬಹಳ ಸಲ ನಿಜವಾದ ಶುರು ಎರಡನೇ ಪ್ಯಾರಾದಲ್ಲೇ ಇರತ್ತೆ.

ಇನ್ನು ಟೈಪಿಂಗು. ಯೂನಿಕೋಡಲ್ಲೇ ಟೈಪ್ ಮಾಡಿ, ಅಂದ್ರೆ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಕೋಡ್ ಇರೋ, ಎಲ್ಲ ಕಡೆ ಒಂದೇ ಥರ ನಡೆಯೋ ವ್ಯವಸ್ಥೆಯಲ್ಲಿ, ಇದನ್ನ ಮಾತ್ರ ದಯವಿಟ್ಟು ಮರೀಬೇಡಿ. ಪುಸ್ತಕ, ಪತ್ರಿಕೆಯ ಪುಟ ಜೋಡಿಸೋಕೆ ಬಳಸ್ತಿದ್ದ ಹಳೇ ಡಿಟಿಪಿ ಫಾಂಟುಗಳಲ್ಲಿ ಕನ್ನಡ ಅಕ್ಷರ ಬರೀ ಚಿತ್ರದ ಥರ, ಒಳಗಿರೋದು ಇಂಗ್ಲಿಷ್ ಅಕ್ಷರದ ಕೋಡು, ಹಾಗಾಗಿ ಆ ಫಾಂಟ್ ಇಲ್ಲದ ಮೊಬೈಲಲ್ಲಿ ಬರೀ ಗೀಚುಗೀಚಾಗಿ ಕಾಣತ್ತೆ, ಗೂಗಲಲ್ಲಿ ಹುಡುಕಿದ್ರೂ ಸಿಗಲ್ಲ. ನಾನು ಹಾಗೆ ಟೈಪ್ ಮಾಡಿಟ್ಟಿದ್ದ ಹದಿನೈದು ಪುಟದ ಪ್ರವಾಸದ ಬರಹನ ಪೂರ್ತಿ ಮತ್ತೆ ಕೂತು ಟೈಪ್ ಮಾಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಮೊಬೈಲಲ್ಲಿ ಗೂಗಲ್ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಸಾಕು. ಕಂಪ್ಯೂಟರಲ್ಲಿ ‘ನುಡಿ’ ಅಥವಾ ‘ಬರಹ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸೋರು ಯೂನಿಕೋಡ್ ಆಯ್ಕೆ ಆನ್ ಆಗಿದ್ಯಾ ನೋಡ್ಕೊಳ್ಳಿ, ಹಳೇ ಫೈಲ್ ಇದ್ರೆ ಕನ್ವರ್ಟರ್ ಸಿಗತ್ತೆ, ಆದ್ರೆ ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿದ್ಯಾ ಅಂತ ಸಾಲುಸಾಲಾಗಿ ನೋಡ್ಲೇಬೇಕು.

ಬ್ಲಾಗ್ ಯಾವ ಸೈಟಲ್ಲಿ ಮಾಡೋದು ಅಂತ ಜಾಸ್ತಿ ಯೋಚಿಸ್ಬೇಡಿ. ಬ್ಲಾಗರ್ ಅನ್ನೋ ಸೈಟ್ 1999ರಿಂದ ಇದೆ, 2003ರಲ್ಲಿ ಗೂಗಲ್ ತಗೊಂಡ್ತು, ಜಿಮೇಲ್ ಇದ್ರೆ ಸಾಕು, ದುಡ್ಡು ಕೊಡ್ಬೇಕಾಗಿಲ್ಲ. ವರ್ಡ್‌ಪ್ರೆಸ್ಸಲ್ಲೂ ಫ್ರೀ ಪ್ಲಾನ್ ಇದೆ. ಸ್ವಂತ ಡೊಮೈನ್, ಅಂದ್ರೆ ನಿಮ್ಮದೇ ಹೆಸರಿನ ವೆಬ್ ವಿಳಾಸ, ಒಂದು ವರ್ಷ ಬರೆದಾದ್ಮೇಲೆ ನೋಡ್ಕೊಳ್ಳಿ.

ಪಬ್ಲಿಶ್ ಒತ್ತೋಕೆ ಮುಂಚೆ ಆ ಬರಹದ ಲಿಂಕ್ ನೋಡಿ. ಕನ್ನಡದಲ್ಲಿ ಶೀರ್ಷಿಕೆ ಕೊಟ್ರೆ ಬ್ಲಾಗರ್ ಅದನ್ನ ಬಿಟ್ಟು ‘ಬ್ಲಾಗ್ ಪೋಸ್ಟ್’ ಅಂತ ಒಂದು ಸಪ್ಪೆ ಲಿಂಕ್ ಮಾಡತ್ತೆ. ವರ್ಡ್‌ಪ್ರೆಸ್ ಕನ್ನಡ ಇಟ್ಕೊಳ್ಳತ್ತೆ, ಆದ್ರೆ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ್ರೆ ಒಂದೊಂದು ಅಕ್ಷರನೂ ಪರ್ಸೆಂಟ್ ಗುರುತು, ನಂಬರ್ ಆಗಿ ಒಡೆದು ಮೊಳದುದ್ದ ಆಗ್ಬಿಡತ್ತೆ. ಎರಡಕ್ಕೂ ಮದ್ದು ಒಂದೇ, ಪರ್ಮಾಲಿಂಕ್ (ಆ ಬರಹದ ಕಾಯಂ ಲಿಂಕ್) ಅನ್ನೋ ಕಡೆ ನೀವೇ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ಕೊಡಿ, ಮಧ್ಯೆ ಚಿಕ್ಕ ಅಡ್ಡಗೆರೆ.

ಫೋಟೋ ನೀವೇ ತೆಗೆದಿದ್ದು ಹಾಕಿ, ಬೇಕಿದ್ರೆ ಎಲ್ಲರೂ ಬಳಸ್ಬಹುದಾದ ಫೋಟೋಗಳಿರೋ ವಿಕಿಮೀಡಿಯ ಕಾಮನ್ಸ್ ಸೈಟಲ್ಲಿ ಹುಡುಕಿ, ತೆಗೆದೋರ ಹೆಸರು ಮತ್ತು ಲೈಸೆನ್ಸ್ ಕೆಳಗೆ ಬರೀರಿ. ಮನೆಯವರ ಬಗ್ಗೆ, ಪಕ್ಕದ್ಮನೆಯವರ ಬಗ್ಗೆ ಬರೆದಿದ್ರೆ ಹಾಕೋಕೆ ಮುಂಚೆ ಅವರಿಗೆ ಓದಿ ಹೇಳಿ. ‘ಇದು ಬೇಡಪ್ಪಾ’ ಅಂದ್ರೆ ತೆಗೆದ್ಬಿಡಿ, ಎಷ್ಟೇ ಚೆನ್ನಾಗಿದ್ರೂ. ಮಕ್ಕಳ ಸ್ಕೂಲ್ ಹೆಸರು, ಮನೆ ನಂಬರ್ ಕಾಣೋ ಫೋಟೋ ಬೇಡವೇ ಬೇಡ.

ಓದುಗರು ನಿಧಾನಕ್ಕೆ ಬರ್ತಾರೆ, ದಿನಾ ಎಷ್ಟು ಜನ ನೋಡಿದ್ರು ಅಂತ ಲೆಕ್ಕ ತೆಗೀಬೇಡಿ, ಅದರಿಂದ ಬರೆಯೋ ಕೈಯೇ ಸೋಲತ್ತೆ. ಹದಿನೈದು ದಿನಕ್ಕೊಂದು ಅಂತ ಇಟ್ಕೊಂಡ್ರೂ ವರ್ಷಕ್ಕೆ ಇಪ್ಪತ್ನಾಲ್ಕು ಬರಹ ಆಗತ್ತೆ. ತಿಂಗಳಿಗೊಂದ್ಸಲ ಸೆಟ್ಟಿಂಗ್ಸಿಗೆ ಹೋಗಿ ಬ್ಯಾಕಪ್ ಫೈಲ್ ಇಳಿಸ್ಕೊಳ್ಳಿ, ಬ್ಲಾಗರ್ ಫೈಲಲ್ಲಿ ಬರಹ ಮತ್ತು ಕಾಮೆಂಟ್ ಬರತ್ತೆ, ಫೋಟೋನ ಮಾತ್ರ ಬೇರೆ ಫೋಲ್ಡರಲ್ಲಿ ತಾರೀಕು ಹಾಕಿ ಎತ್ತಿಟ್ಕೊಳ್ಳಿ.