ವಕೀಲರಿಗೆ ಕೊಡಲು ಹಣವಿಲ್ಲವೇ? ಉಚಿತ ಕಾನೂನು ನೆರವು ಪಡೆಯುವುದು ಹೀಗೆ

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಮಾತು ನಮ್ಮಲ್ಲಿ ಆಳವಾಗಿ ಬೇರೂರಿದೆ. ಸಮನ್ಸ್ ಕೈಗೆ ಬಂದ ಕೂಡಲೇ ಕೆಲವರು ಸಾಲಕ್ಕೆ ಓಡಾಡುತ್ತಾರೆ, ಇನ್ನು ಕೆಲವರು ಹೆದರಿ ವಾಯಿದೆಗೇ ಹೋಗುವುದಿಲ್ಲ. ಎರಡರಿಂದಲೂ ನಷ್ಟವೇ. ಹಣವಿಲ್ಲದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎನ್ನುವ 39ಎ ವಿಧಿ 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿತು. ಅದರ ಬೆನ್ನಿಗೆ ಬಂದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಈ ಕಾಯ್ದೆಯಡಿ ಸರ್ಕಾರದ ಖರ್ಚಿನಲ್ಲೇ ನಿಮಗೆ ವಕೀಲರು ಸಿಗುತ್ತಾರೆ.

ನೀವು ಅರ್ಹರೇ?

ಹೆಚ್ಚಿನವರು ಎಡವುವುದು ಇಲ್ಲೇ. ಉಚಿತ ನೆರವು ಎಂದರೆ ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಎಂದುಕೊಂಡು ಹಿಂದೆ ಸರಿಯುತ್ತಾರೆ. ಕಾಯ್ದೆಯ 12ನೇ ಕಲಮು ಹಾಗೆ ಹೇಳುವುದಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆಗೆ ಬಲಿಯಾದವರು, ಬರ, ನೆರೆ, ಭೂಕಂಪದಂತಹ ವಿಪತ್ತಿನ ಸಂತ್ರಸ್ತರು, ಬಂಧನದಲ್ಲಿರುವವರು – ಇವರಾರಿಗೂ ಆದಾಯದ ಮಿತಿ ಇಲ್ಲ. ಉಳಿದವರಿಗೆ ಮಾತ್ರ ರಾಜ್ಯ ಸರ್ಕಾರ ನಿಗದಿ ಮಾಡಿದ ವಾರ್ಷಿಕ ಆದಾಯ ಮಿತಿ ಅನ್ವಯಿಸುತ್ತದೆ.

ಮಹಿಳೆಯರ ವಿಷಯವನ್ನು ಒತ್ತಿ ಹೇಳಬೇಕು. ಗಂಡನಿಗೆ ಒಳ್ಳೆಯ ಸಂಬಳವಿದೆ, ಮನೆ ಅವನ ಹೆಸರಿನಲ್ಲಿದೆ, ಹೆಂಡತಿಯ ಕೈಯಲ್ಲಿ ಮಾತ್ರ ಬಿಡಿಗಾಸಿಲ್ಲ. ಜೀವನಾಂಶಕ್ಕೆ ಅರ್ಜಿ ಹಾಕಲು ಹೊರಟ ಇಂತಹ ಮಹಿಳೆಯನ್ನು ‘ನಿಮ್ಮ ಗಂಡನ ಆದಾಯ ಎಷ್ಟು?’ ಎಂದು ಕೇಳಿ ವಾಪಸ್ ಕಳಿಸುವ ಹಾಗಿಲ್ಲ. ತವರಿನ ಆಸ್ತಿಯಲ್ಲಿ ಪಾಲು ಕೇಳುವ ಮಗಳಿಗೂ ಇದೇ ನಿಯಮ. ಇದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಹೋಗಬೇಕಾದ ಜಾಗ

ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗೆ ಪ್ರತ್ಯೇಕ ಸಮಿತಿಗಳಿವೆ. ಹೋಗಲು ಆಗದಿದ್ದರೆ 15100 ಸಹಾಯವಾಣಿಗೆ ಕರೆ ಮಾಡಬಹುದು, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಆದರೂ ಸಾಧ್ಯವಾದರೆ ಖುದ್ದಾಗಿ ಹೋಗಿ. ಕಾಗದಗಳನ್ನು ನೋಡಿದವರು ಕೊಡುವ ಸಲಹೆಗೂ ಫೋನಿನಲ್ಲಿ ಸಿಗುವ ಸಲಹೆಗೂ ಬಹಳ ವ್ಯತ್ಯಾಸವಿದೆ.

ಅರ್ಜಿ ಬರೆಯುವ ಮುನ್ನ ಸಮನ್ಸ್ ಓದಿ

ಸಮನ್ಸ್ ಬಂದಿದ್ದರೆ ಅದರಲ್ಲಿ ನಾಲ್ಕು ಸಂಗತಿ ಹುಡುಕಿ: ಯಾವ ನ್ಯಾಯಾಲಯ, ಪ್ರಕರಣದ ಸಂಖ್ಯೆ, ಹಾಜರಾಗಬೇಕಾದ ದಿನಾಂಕ, ನಿಮ್ಮ ಮೇಲೆ ದಾವೆ ಹಾಕಿದವರು ಯಾರು. ಸಂಖ್ಯೆಯ ಹಿಂದೆ ‘ಓ.ಎಸ್.’ ಎಂದಿದ್ದರೆ ಅದು ಸಿವಿಲ್ ದಾವೆ, ‘ಸಿ.ಸಿ.’ ಎಂದಿದ್ದರೆ ಕ್ರಿಮಿನಲ್ ಪ್ರಕರಣ, ‘ಎಂ.ವಿ.ಸಿ.’ ಎಂದಿದ್ದರೆ ವಾಹನ ಅಪಘಾತದ ಪರಿಹಾರಕ್ಕೆ ಸಂಬಂಧಿಸಿದ್ದು. ಸಮನ್ಸ್ ತಲುಪಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಸಿವಿಲ್ ದಾವೆಯಲ್ಲಿ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಬರಹದ ಉತ್ತರ, ಸಲ್ಲಿಸಲು ಅಂದಿನಿಂದ 30 ದಿನಗಳ ಅವಕಾಶ. ನ್ಯಾಯಾಧೀಶರು ಕಾರಣ ದಾಖಲಿಸಿ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ನೆರವಿಗೆ ಅರ್ಜಿ ಹಾಕಿದ ಮಾತ್ರಕ್ಕೆ ಈ ಲೆಕ್ಕ ನಿಲ್ಲುವುದಿಲ್ಲ. ಆದ್ದರಿಂದ ವಕೀಲರು ಇನ್ನೂ ನೇಮಕವಾಗಿರದಿದ್ದರೂ ವಾಯಿದೆಯ ದಿನ ನೀವೇ ಹೋಗಿ, ಹೆಸರು ಕೂಗಿದಾಗ ಎದ್ದು ನಿಂತು, ‘ಉಚಿತ ಕಾನೂನು ನೆರವಿಗೆ ಅರ್ಜಿ ಹಾಕಿದ್ದೇನೆ, ಸಮಯ ಕೊಡಿ’ ಎಂದು ಕೇಳಿಕೊಳ್ಳಿ. ಗೈರಾದರೆ ಏಕಪಕ್ಷೀಯ ಆದೇಶವಾಗುತ್ತದೆ. ಅದನ್ನು ರದ್ದು ಮಾಡಿಸುವುದು ಇನ್ನೊಂದು ಹೋರಾಟ.

ಅರ್ಜಿ ದೊಡ್ಡದಾಗಿರಬೇಕಿಲ್ಲ. ಕನ್ನಡದಲ್ಲಿ, ಬಿಳಿ ಹಾಳೆಯಲ್ಲಿ, ನಿಮ್ಮ ಹೆಸರು, ವಿಳಾಸ, ಯಾವ ವರ್ಗದಲ್ಲಿ ಅರ್ಹರು, ಸಮಸ್ಯೆ ಏನು, ಮುಂದಿನ ವಾಯಿದೆ ಯಾವಾಗ ಎಂದು ಬರೆದರೆ ಸಾಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿನ ಸಿಬ್ಬಂದಿ ಅಥವಾ ಅರೆ ಕಾನೂನು ಸ್ವಯಂಸೇವಕರು ಬರೆದುಕೊಳ್ಳುತ್ತಾರೆ. ಗುರುತಿನ ಚೀಟಿ, ಪ್ರಕರಣದ ಕಾಗದಗಳ ನಕಲು, ಅಗತ್ಯವಿದ್ದವರು ಜಾತಿ ಅಥವಾ ಆದಾಯ ಪ್ರಮಾಣಪತ್ರ ಲಗತ್ತಿಸಿ. ಆದಾಯಕ್ಕೆ ಸಾಮಾನ್ಯವಾಗಿ ನಿಮ್ಮ ಅಫಿಡವಿಟ್ ಸಾಕು ಎನ್ನುತ್ತದೆ ಕಾಯ್ದೆ. ಮೂಲ ದಾಖಲೆಗಳನ್ನು ಕೊಡಬೇಡಿ. ಸ್ವೀಕೃತಿ ಪಡೆಯದೆ ಅಲ್ಲಿಂದ ಏಳಬೇಡಿ.

ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆಯೇ ಎಂದು ಪ್ರಾಧಿಕಾರ ನೋಡುತ್ತದೆ. ಅರ್ಜಿಯ ಮೇಲಿನ ತೀರ್ಮಾನ ಏಳು ದಿನಗಳೊಳಗೆ ಆಗಬೇಕು. ತಿರಸ್ಕರಿಸಿದರೆ ಅದೇ ಸಂಸ್ಥೆಯ ಅಧ್ಯಕ್ಷರಿಗೆ ಮೇಲ್ಮನವಿ ಸಲ್ಲಿಸಬಹುದು.

ವಕೀಲರು ಸಿಕ್ಕ ಮೇಲೆ

ಕೆಲಸ ಇಲ್ಲಿಗೆ ಮುಗಿಯಿತು ಎಂದು ಕೈಕಟ್ಟಿ ಕೂರಬೇಡಿ. ವಕಾಲತ್ತಿಗೆ (ನಿಮ್ಮ ಪರ ವಾದಿಸಲು ವಕೀಲರಿಗೆ ಕೊಡುವ ಅಧಿಕಾರಪತ್ರ) ಸಹಿ ಮಾಡುವಾಗ ಓದಿ, ಇಲ್ಲವೇ ಓದಿಸಿ ಕೇಳಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ವಕೀಲರ ಶುಲ್ಕ, ಕೋರ್ಟ್ ಶುಲ್ಕ, ದೃಢೀಕೃತ ನಕಲಿನ ವೆಚ್ಚ ಇವೆಲ್ಲ ಪ್ರಾಧಿಕಾರದ ಹೊಣೆ. ನಿಮಗೆ ನೇಮಕವಾದ ವಕೀಲರು ಹಣ ಕೇಳುವಂತಿಲ್ಲ. ಕೇಳಿದರೆ, ವಾಯಿದೆಗೆ ಬಾರದಿದ್ದರೆ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟು ಬೇರೆಯವರನ್ನು ಕೇಳಿ. ಪ್ರಕರಣಕ್ಕೆ 16 ಅಕ್ಷರ–ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಅದನ್ನು ಇ–ಕೋರ್ಟ್ಸ್ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ, ಹಿಂದಿನ ಆದೇಶ ಕಾಣುತ್ತದೆ. ಗುಮಾಸ್ತರ ಹಿಂದೆ ಅಲೆಯುವುದು ತಪ್ಪುತ್ತದೆ.

ಪ್ಯಾನೆಲ್ ವಕೀಲರಿಗೆ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ, ಸಿಗುವ ಸಂಭಾವನೆ ಖಾಸಗಿ ಶುಲ್ಕದ ಮುಂದೆ ತೀರ ಕಡಿಮೆ. ಅನುಭವಿ ವಕೀಲರು ಈ ಪಟ್ಟಿಗೆ ಬರಬೇಕಾದರೆ ಅದು ಹೆಚ್ಚಲೇಬೇಕು. ಕ್ರಿಮಿನಲ್ ಪ್ರಕರಣಗಳಿಗೆ ಪೂರ್ಣಾವಧಿ ವಕೀಲರನ್ನು ನೇಮಿಸುವ ವ್ಯವಸ್ಥೆ 2022ರಲ್ಲಿ ಬಂದಿದೆ. ಸಿವಿಲ್ ಕಡೆಗೂ ಅಂಥದ್ದು ಬೇಕು.

ರಾಜಿ ಬೇಕೇ, ಬೇಡವೇ?

ಲೋಕ್ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ಮರಳುತ್ತದೆ, ವರ್ಷಗಟ್ಟಲೆ ಅಲೆದಾಟ ಉಳಿಯುತ್ತದೆ. ಚೆಕ್ ಬೌನ್ಸ್, ಅಪಘಾತ ಪರಿಹಾರ, ಬ್ಯಾಂಕ್ ಸಾಲದಂತಹ ಪ್ರಕರಣಗಳಿಗೆ ಇದು ಒಳ್ಳೆಯ ದಾರಿ. ಆದರೆ ಅಲ್ಲಿನ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿಗೆ ಅವಕಾಶವಿಲ್ಲ. ಆದ್ದರಿಂದ ಮೊತ್ತ, ಕಂತು, ಗಡುವು ಬರಹದಲ್ಲಿ ಸ್ಪಷ್ಟವಾಗಿರಲಿ. ಒಪ್ಪಿಗೆಯಾಗದಿದ್ದರೆ ಧೈರ್ಯವಾಗಿ ಬೇಡ ಎನ್ನಿ. ಪ್ರಕರಣ ನ್ಯಾಯಾಲಯಕ್ಕೆ ಮರಳುತ್ತದೆ, ನಿಮ್ಮ ಹಕ್ಕಿಗೇನೂ ಕುಂದು ಬರುವುದಿಲ್ಲ.

ಮನೆಯವರು ಬಂಧನದಲ್ಲಿದ್ದರೆ

ಬಂಧಿಸಿದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆ ಮೊದಲ ಹಾಜರಾತಿಯಿಂದಲೇ ಸರ್ಕಾರಿ ಖರ್ಚಿನ ವಕೀಲರನ್ನು ಕೇಳಬಹುದು. ಈ ಹಕ್ಕನ್ನು ಆರೋಪಿಗೆ ತಿಳಿಸದೆ ನಡೆಸಿದ ವಿಚಾರಣೆಯಲ್ಲಿ ವಿಧಿಸಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1986ರ ಸುಕ್ ದಾಸ್ ಪ್ರಕರಣದಲ್ಲಿ ರದ್ದು ಮಾಡಿದೆ. ವಿಚಾರಣಾಧೀನರಾಗಿ ಬಹಳ ಕಾಲ ಜೈಲಿನಲ್ಲಿದ್ದರೆ ಕ್ರಿಮಿನಲ್ ಪ್ರಕರಣಗಳು ನಡೆಯುವ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ನೆನಪಿಸಿ. ಮರಣದಂಡನೆ, ಜೀವಾವಧಿಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದವರು, ಹಿಂದೆ ಯಾವ ಅಪರಾಧದಲ್ಲೂ ದೋಷಿ ಎನಿಸದವರಾದರೆ ಮೂರನೇ ಒಂದು ಭಾಗ ಕಳೆದವರು, ಬಿಡುಗಡೆಗೆ ಅರ್ಹರಾಗುತ್ತಾರೆ. ಬೇರೆ ಪ್ರಕರಣಗಳು ಬಾಕಿ ಇದ್ದರೆ ಇದು ಅನ್ವಯಿಸದು. ಅವಧಿ ತುಂಬಿದ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು ಜೈಲು ಅಧೀಕ್ಷಕರ ಕರ್ತವ್ಯ. ಸಲ್ಲಿಸಿದ್ದಾರೆಯೇ ಎಂದು ಮನೆಯವರು ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿ. ಬಂಧನದ ದಿನಾಂಕ, ಅಪರಾಧ ಸಂಖ್ಯೆ, ಪೊಲೀಸ್ ಠಾಣೆಯ ಹೆಸರು, ಹಾಕಿರುವ ಕಲಮುಗಳು – ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಂದೇ ಲೆಕ್ಕ ಹಾಕಿ ಹೇಳುವುದು ಅವರಿಗೆ ಸುಲಭ.