ಹಳೆ ಬಗ್ಗಿ ಗಾಡಿ ಬಿಚ್ಚಿದ್ದೀರಾ? ವೆಲ್ಡಿಂಗ್‌ಗೆ ಕೊಡುವ ಮೊದಲು ಟೇಪ್ ಹಿಡಿಯಿರಿ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಶೆಡ್ಡುಗಳಲ್ಲಿ ಬಗ್ಗಿ ಅನ್ನುವ ಇಂಥದ್ದೊಂದು ಗಾಡಿ ಆಗಾಗ ಕಣ್ಣಿಗೆ ಬೀಳುತ್ತದೆ. ಪೈಪಿನ ಚೌಕಟ್ಟು, ಹಿಂದೆ ಮಾರುತಿ 800ರ ಎಂಜಿನ್, ಎರಡು ಸೀಟು. ಯಾರೋ ಹುರುಪಿನಲ್ಲಿ ಕಟ್ಟಿಸಿದ್ದು, ಎರಡು ಮಳೆಗಾಲ ಓಡಿ ಮೂಲೆ ಸೇರಿದ್ದು. ಈಗ ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿರುತ್ತದೆ.

ಅದನ್ನು ಮತ್ತೆ ಓಡುವ ಹಾಗೆ ಮಾಡುವುದು ಅಂಥ ಕಷ್ಟವಲ್ಲ. ಆದರೆ ಹೀಗೆ ಮತ್ತೆ ಕಟ್ಟಲು ಹೋಗಿ ಕೆಟ್ಟ ಗಾಡಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಎಲ್ಲ ಕೆಟ್ಟಿದ್ದೂ ಒಂದೇ ಜಾಗದಲ್ಲಿ, ವೆಲ್ಡಿಂಗ್ ಶಾಪಿನಲ್ಲಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ತಪ್ಪು ವೆಲ್ಡರ್‌ದಲ್ಲ. ಅವರು ಗೇಟು, ಗ್ರಿಲ್ಲು, ಟ್ರಾಲಿ ಮಾಡುವವರು. ಕೈ ಚೆನ್ನಾಗಿಯೇ ಇರುತ್ತದೆ. ನಿಮ್ಮ ತಲೆಯಲ್ಲಿರುವ ಅಳತೆ ಅವರಿಗೆ ಕಾಣುವುದಿಲ್ಲ, ಅಷ್ಟೇ.

ಹಂತ 1: ಫೋಟೊ, ಚೀಟಿ, ಡಬ್ಬಿ

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಚೀಟಿ ಹಚ್ಚಿದ ಡಬ್ಬಿಗಳಲ್ಲಿ ಹಾಕಿ. ಎಲ್ಲವನ್ನೂ ಒಂದೇ ಬಕೆಟ್‌ಗೆ ಹಾಕಿದರೆ ಆಮೇಲೆ ಅಳಬೇಕಾಗುತ್ತದೆ.

ಹಂತ 2: ಪೈಪು ಬದುಕಿದೆಯಾ ನೋಡಿ

ಹೊರಗಿನ ತುಕ್ಕಿಗೆ ಹೆದರಬೇಡಿ, ಒಳಗಿನದಕ್ಕೆ ಹೆದರಿ. ಚೌಕಟ್ಟಿನ ಎಲ್ಲಕ್ಕಿಂತ ಕೆಳಗಿನ ಪೈಪಿಗೆ 3 ಮಿ.ಮೀ. ತೂತು ಕೊರೆಯಿರಿ. ಕಾಫಿ ಡಿಕಾಕ್ಷನ್ ಥರ ಕಂದು ನೀರು ಸುರಿದರೆ ಆ ಪೈಪನ್ನು ಬದಲಾಯಿಸಲೇಬೇಕು. ಹಳೆಯ ಬಗ್ಗಿಗಳಲ್ಲಿ ನೀರಿನ ಜಿಐ (ಸತು ಲೇಪಿಸಿದ) ಪೈಪನ್ನೇ ಬಳಸಿರುವುದು ಜಾಸ್ತಿ. ಅದರ ಮೇಲಿನ ಸತುವನ್ನು ಉಜ್ಜಿ ತೆಗೆಯದೆ ವೆಲ್ಡ್ ಮಾಡಿದರೆ, ಹೊಗೆ ಕುಡಿದವರಿಗೆ ರಾತ್ರಿ ಚಳಿ ಜ್ವರ ಬರುತ್ತದೆ. ಜಾಯಿಂಟಿನಲ್ಲೂ ಗುಳ್ಳೆ ಬೀಳುತ್ತದೆ.

ರೋಲ್ ಕೇಜ್‌ಗೆ (ಗಾಡಿ ಮಗುಚಿದರೆ ಕೂತವರನ್ನು ಕಾಯುವ ಪಂಜರ) ಯಾವ ಪೈಪು ಅಂತ ಕೇಳುತ್ತಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಹಾ ಎಸ್‌ಎಇ ಸ್ಪರ್ಧೆಯ ನಿಯಮವನ್ನೇ ಹಿಡಿಯಿರಿ: 25 ಮಿ.ಮೀ. ಹೊರ ಅಳತೆ, 3 ಮಿ.ಮೀ. ದಪ್ಪ, ಉಕ್ಕಿನಲ್ಲಿ ಕನಿಷ್ಠ 0.18% ಕಾರ್ಬನ್. ಅದು ಒಬ್ಬರೇ ಕೂರುವ ಸಣ್ಣ ಗಾಡಿಗೆ ಬರೆದ ನಿಯಮ. ನಿಮ್ಮದು ಭಾರದ ಗಾಡಿ, ಇಬ್ಬರು ಕೂರುವುದು. ಅದಕ್ಕಿಂತ ಒಂದು ಸೈಜು ಮೇಲೆ ಹೋಗಿ, ಕೆಳಗಂತೂ ಬೇಡ.

ಹಂತ 3: ಯಾರಿಗೆ ಯಾವ ಕೆಲಸ

ಇಡೀ ಗಾಡಿಯನ್ನು ಒಬ್ಬರ ಕೈಗೆ ಒಪ್ಪಿಸಿ ‘ರೆಡಿ ಆದ್ಮೇಲೆ ಫೋನ್ ಮಾಡಿ’ ಅಂತ ಬರಬೇಡಿ. ಬುಷ್, ಸ್ಪೇಸರ್ (ಬೋಲ್ಟಿನ ಸುತ್ತ ಕೂರುವ ಸಣ್ಣ ಕೊಳವೆಗಳು) ಲೇತ್‌ಗೆ. ಎಂಜಿನ್ ಮಾರುತಿ ಬಲ್ಲ ಮೆಕ್ಯಾನಿಕ್‌ಗೆ. ವೆಲ್ಡರ್ ಜೊತೆ ಮಾತ್ರ ಮೊದಲೇ ಒಂದು ಮಾತು ಮಾಡಿಕೊಳ್ಳಿ: ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಹಾಕಿ ಹಿಡಿಸುವ ವೆಲ್ಡ್) ಒಂದು ದಿನ, ಫುಲ್ ವೆಲ್ಡ್ ಇನ್ನೊಂದು ದಿನ. ನಡುವಿನ ದಿನ ನಿಮ್ಮದು. ಇದಕ್ಕೆ ಒಪ್ಪದ ಶಾಪಿಗೆ ನಾನು ಹೋಗುವುದೇ ಇಲ್ಲ.

ಹಂತ 4: ಹಿಂದಿನ ಚಕ್ರ

ಇಲ್ಲಿ ಚಹಾ ತರಿಸಿಕೊಂಡು ಕೂತು ಓದಿ.

ಮಾರುತಿ 800 ಮುಂದಿನ ಚಕ್ರದಿಂದ ಎಳೆಯುವ ಕಾರು. ಬಗ್ಗಿಯಲ್ಲಿ ಆ ಎಂಜಿನ್, ಗೇರ್‌ಬಾಕ್ಸ್, ಹಬ್ (ಚಕ್ರ ಬಿಗಿಯುವ ಭಾಗ) ಎಲ್ಲವನ್ನೂ ಹಾಗೇ ಎತ್ತಿ ಹಿಂದಕ್ಕೆ ಇಡುತ್ತೇವೆ. ಆದರೆ ಆ ಹಬ್‌ಗಳು ಸ್ಟೀರಿಂಗ್‌ಗೆ ತಿರುಗಲೆಂದೇ ಮಾಡಿದವು. ಹಿಂದೆ ಅವು ತಿರುಗಬಾರದು. ಹಾಗಾಗಿ ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗ್ ತಿರುಗಿದಂತೆ ಎಡಬಲ ಸರಿಯುವ ಹಲ್ಲಿನ ಸರಳು) ತೆಗೆದು, ಅದನ್ನು ಹಬ್ಬಿಗೆ ಸೇರಿಸುವ ಟೈ ರಾಡ್‌ನ ಒಳತುದಿಯನ್ನು ಚೌಕಟ್ಟಿಗೆ ಕಟ್ಟಿಹಾಕುತ್ತೇವೆ. ಎಲ್ಲಿಗೆ ಕಟ್ಟಬೇಕು? ವೆಲ್ಡರ್‌ಗೆ ಕೇಳಿದರೆ ಹತ್ತಿರ ಇರುವ ಪೈಪಿಗೆ ಬ್ರಾಕೆಟ್ ಹಚ್ಚುತ್ತಾರೆ. ನೋಡಲು ಗಟ್ಟಿಯಾಗಿಯೇ ಇರುತ್ತದೆ.

ನನ್ನ ಮೊದಲ ಬಗ್ಗಿಯಲ್ಲಿ ಹಾಗೇ ಆಯಿತು. ಬ್ರಾಕೆಟ್ ಇರಬೇಕಾದ ಜಾಗಕ್ಕಿಂತ ನಾಲ್ಕು ಇಂಚು ಮೇಲಿತ್ತು. ಸಮತಟ್ಟು ಕಣದಲ್ಲಿ ಗಾಡಿ ಬೆಣ್ಣೆ ಥರ ಓಡಿತು. ತೋಟದ ದಾರಿಯಲ್ಲಿ ಒಂದು ಚರಂಡಿ ಹಾರಿದ್ದೇ ತಡ, ಹಿಂದಿನ ಚಕ್ರಗಳು ತಾವೇ ಸ್ಟೀರಿಂಗ್ ತಿರುಗಿಸಿದವು. ನಾನು ಎಡಕ್ಕೆ ಹಿಡಿದಿದ್ದೆ, ಗಾಡಿ ಬಲಕ್ಕೆ ಹೋಗಿ ಸಿಲ್ವರ್ ಓಕ್ ಮರಕ್ಕೆ ಒರಗಿತು. ಮರದ ಮೇಲಿನ ಮೆಣಸಿನ ಬಳ್ಳಿ ಪೂರ್ತಿ ನನ್ನ ತಲೆ ಮೇಲೆ.

ಕಾರಣ ಸರಳ. ಗುಂಡಿಗೆ ಬಿದ್ದಾಗ ಚಕ್ರ ಮೇಲೆ ಕೆಳಗೆ ಹೋಗುತ್ತದೆ. ಹಬ್ಬನ್ನು ಚೌಕಟ್ಟಿಗೆ ಸೇರಿಸುವ ಕೆಳಗಿನ ಆರ್ಮ್ ಒಂದು ಕಮಾನಿನಲ್ಲಿ, ಟೈ ರಾಡ್ ಇನ್ನೊಂದು ಕಮಾನಿನಲ್ಲಿ ಓಡಾಡುತ್ತದೆ. ಎರಡೂ ಹೊಂದದಿದ್ದರೆ ರಾಡ್ ಹಬ್ಬನ್ನು ಎಳೆಯುತ್ತದೆ, ಇಲ್ಲವೇ ತಳ್ಳುತ್ತದೆ. ಚಕ್ರ ತಿರುಗುತ್ತದೆ.

ಪರಿಹಾರ ಕಾರಿನಲ್ಲೇ ಇದೆ. ಹಳೆ ಕಾರನ್ನು ಕತ್ತರಿಸುವ ಮೊದಲು, ರ‍್ಯಾಕ್‌ನ ಎರಡೂ ಕಡೆಯ ಟೈ ರಾಡ್ ಸೇರುವ ಒಳಗಿನ ಬಾಲ್ ಜಾಯಿಂಟ್ ಎಲ್ಲಿದೆ ಅಂತ ಅಳೆದುಕೊಳ್ಳಿ. ಕೆಳಗಿನ ಆರ್ಮ್‌ನ ಪಿವಟ್ ಬೋಲ್ಟಿನಿಂದ (ಆರ್ಮ್ ತಿರುಗುವ ಬೋಲ್ಟು) ಎಷ್ಟು ಮೇಲೆ, ಎಷ್ಟು ಹಿಂದೆ, ಎಷ್ಟು ಒಳಗೆ. ಮೂರೂ ಬೇಕು. ಹೊಸ ಬ್ರಾಕೆಟ್‌ನ ಬೋಲ್ಟು ಅದೇ ಬಿಂದುವಿಗೆ ಬರಬೇಕು. ಕಾರು ಈಗಾಗಲೇ ಗುಜರಿಗೆ ಹೋಗಿದ್ದರೆ ಇನ್ನೊಂದು 800 ಹುಡುಕಿ, ಅದರಡಿ ಮಲಗಿ ಅಳೆಯಿರಿ. ಈ ಅಳತೆಯನ್ನು ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಸೈಜಿನಲ್ಲಿ ಬರೆಯಿರಿ. ಕಾಗದದ ಡ್ರಾಯಿಂಗ್‌ಗೆ ಎಣ್ಣೆ ಮೆತ್ತಿ, ಸಂಜೆಯೊಳಗೆ ಕೈ ಒರೆಸುವ ಬಟ್ಟೆಯಾಗುತ್ತದೆ.

ಬ್ರಾಕೆಟ್ ಟ್ಯಾಕ್ ಆಯಿತಾ? ಈಗ ನಿಮ್ಮ ದಿನ. ಸ್ಟ್ರಟ್‌ನಿಂದ (ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) ಸ್ಪ್ರಿಂಗ್ ತೆಗೆದು ಸ್ಟ್ರಟ್ ಮಾತ್ರ ವಾಪಸ್ ಕೂರಿಸಿ. ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಮಾತ್ರ ಕೈ ಹಾಕಬೇಡಿ, ಹಾರಿದರೆ ಹಲ್ಲು ಉಳಿಯುವುದಿಲ್ಲ. ಚಕ್ರದ ಜಾಗದಲ್ಲಿ ಎರಡು ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಹಬ್‌ಗೆ ಅಡ್ಡಲಾಗಿ ಬಿಗಿಯಿರಿ. ಗಾಡಿಯ ಪಕ್ಕ, ನಡುಗೆರೆಗೆ ಸಮಾನಾಂತರವಾಗಿ ಗಾರೆಯವರ ದಾರ ಎಳೆಯಿರಿ. ಜಾಕ್‌ನಿಂದ ಹಬ್ಬನ್ನು ಒಂದೊಂದೇ ಇಂಚು ಎತ್ತುತ್ತಾ, ಪಟ್ಟಿಯ ಮುಂದಿನ ತುದಿ ಮತ್ತು ಹಿಂದಿನ ತುದಿ ದಾರದಿಂದ ಎಷ್ಟು ದೂರ ಅಂತ ಬರೆದುಕೊಳ್ಳಿ. ಎರಡರ ವ್ಯತ್ಯಾಸ ಮೇಲಿನಿಂದ ಕೆಳಗಿನವರೆಗೆ 3 ಮಿ.ಮೀ. ಒಳಗೆ ಬದಲಾದರೆ ನಾನು ಪಾಸ್ ಮಾಡುತ್ತೇನೆ.

ಫೇಲ್ ಆದರೆ ಚೀಟಿ ನೋಡಿ. ಎತ್ತಿದಾಗ ಒಂದು ಕಡೆ, ಇಳಿಸಿದಾಗ ಇನ್ನೊಂದು ಕಡೆ ತಿರುಗಿದರೆ ಬ್ರಾಕೆಟ್‌ನ ಎತ್ತರ ತಪ್ಪಿದೆ. ಎರಡೂ ಸಲ ಒಂದೇ ಕಡೆ ತಿರುಗಿದರೆ ರಾಡ್‌ನ ಉದ್ದ ತಪ್ಪಿದೆ. ಟ್ಯಾಕ್ ಒಡೆಯಿರಿ, ಸರಿಸಿ, ಮತ್ತೆ ಅಳೆಯಿರಿ. ನನಗೆ ಒಮ್ಮೆ ಐದು ಸಲ ಆಯಿತು. ವೆಲ್ಡರ್ ಮುಖ ಸಿಂಡರಿಸಿದರು, ಮಧ್ಯಾಹ್ನದ ಊಟ ಕೊಡಿಸಿದ ಮೇಲೆ ಸರಿಹೋದರು.

ಈ ಜಾಗಕ್ಕೆ ಹೊಳೆಯುವ ಅಗ್ಗದ ರಾಡ್ ಎಂಡ್ (ಮುಚ್ಚಳವಿಲ್ಲದ ಬಾಲ್ ಜಾಯಿಂಟ್) ಹಾಕಿಸಿ ಅಂತ ಯಾರಾದರೂ ಹೇಳುತ್ತಾರೆ. ಬೇಡ. ನಮ್ಮ ಕೆಂಪು ಕೆಸರಿಗೆ ಅವು ಒಂದೇ ಮಳೆಗಾಲದಲ್ಲಿ ಲಟಲಟ ಅನ್ನುತ್ತವೆ. ಕೆಸರು ತಡೆಯುವ ರಬ್ಬರ್ ಮುಸುಕು (ಬೂಟ್) ಇರುವ ಕಾರಿನ ಜಾಯಿಂಟೇ ವಾಸಿ. ಬ್ರಾಕೆಟ್ ಎರಡು ಕಿವಿಯದಿರಲಿ, ಬೋಲ್ಟು ಎರಡೂ ಕಡೆ ಆಧಾರ ಪಡೆಯಲಿ. ಬೋಲ್ಟಿನ ತಲೆ ಮೇಲೆ ಗಟ್ಟಿತನದ ಗುರುತು 8.8 ಅಂತ ಇರಬೇಕು. ನೈಲಾಕ್ ನಟ್ಟನ್ನು (ಒಳಗೆ ನೈಲಾನ್ ಉಂಗುರವಿರುವುದು) ಬಿಚ್ಚಿದರೆ ಎಸೆದು ಹೊಸದು ಹಾಕಿ.

ಹಂತ 5: ಫುಲ್ ವೆಲ್ಡ್

ಬ್ಯಾಟರಿ, ಆಲ್ಟರ್ನೇಟರ್, ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಗಾಡಿಯ ಮೇಲೆ ಇರಕೂಡದು. ಒಂದೇ ಜಾಗದಲ್ಲಿ ಉದ್ದಕ್ಕೆ ಎಳೆಯಲು ಬಿಡಬೇಡಿ. ಬಿಸಿಯಾದ ಲೋಹ ತಣಿಯುವಾಗ ಕುಗ್ಗಿ ಚೌಕಟ್ಟನ್ನು ತಿರುಚುತ್ತದೆ. ಎಡಕ್ಕೊಂದು, ಬಲಕ್ಕೊಂದು, ನಡುವೆ ಮೂಲೆಯಿಂದ ಮೂಲೆಗೆ ಟೇಪ್ ಅಳತೆ. ಮಿಗ್ (ತಂತಿ ತಾನೇ ಬರುವ ವೆಲ್ಡಿಂಗ್) ಇದ್ದರೆ ಒಳ್ಳೆಯದು. 7018 ವೆಲ್ಡಿಂಗ್ ರಾಡ್ ಆದರೆ ಒಣಗಿರಲೇಬೇಕು. ಮಲೆನಾಡಿನ ಜುಲೈಯಲ್ಲಿ ತೆರೆದಿಟ್ಟ ಪ್ಯಾಕೆಟ್ಟು ಸುಮ್ನೆ ದಂಡ.

ಹಂತ 6: ಎಂಜಿನ್ ಕೂರಿಸುವುದು

ಕಾರಿನಲ್ಲಿ ಯಾವ ಮುಖವಾಗಿತ್ತೋ ಅದೇ ಮುಖ. ಜಾಗ ಚೆನ್ನಾಗಿ ಸಿಗುತ್ತದೆ ಅಂತ ಹಿಂದುಮುಂದು ಮಾಡಿ ಕೂರಿಸಿದರೆ, ನಾಲ್ಕು ಗೇರಿನ ಗಾಡಿಗೆ ನಾಲ್ಕು ರಿವರ್ಸ್, ಒಂದು ಫಾರ್ವರ್ಡ್. ನಗಬೇಡಿ, ನಾನು ಕಣ್ಣಾರೆ ನೋಡಿದ್ದೇನೆ. ಕಾರ್ಬುರೇಟರ್ ಎಂಜಿನ್ ಅಗ್ಗ, ಆದರೆ ಏರಿನಲ್ಲಿ ಪೆಟ್ರೋಲ್ ತುಳುಕಿ ಕೆಮ್ಮುತ್ತದೆ. ಎಂಪಿಎಫ್ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್) ತೆಗೆದುಕೊಳ್ಳಿ. ಅದರ ವೈರಿಂಗ್ ಕತ್ತರಿಸದೆ ಇಡಿಯಾಗಿ ತನ್ನಿ.

ಹಂತ 7: ನೀರು, ಬ್ರೇಕ್

ರೇಡಿಯೇಟರ್ ಮುಂದಿದ್ದರೆ ಉದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಗಾಳಿ ಬಿಡುವ ಸ್ಕ್ರೂ ಹಾಕಿಸಿ. ಬ್ರೇಕಿಗೆ ಹೊಸ ಹೋಸು, ಹೊಸ ಎಣ್ಣೆ.

ಹಂತ 8: ಮೊದಲ ಓಟ

ರಸ್ತೆಗೆ ಬೇಡ. ಇಂಥ ಗಾಡಿಗೆ ರಿಜಿಸ್ಟ್ರೇಷನ್ ಸಿಗುವುದಿಲ್ಲ. ಕಾರಿನ ಹಳೆ ಆರ್‌ಸಿ ಇದೆಯಲ್ಲ ಅನ್ನಬೇಡಿ, ಅದು ಆ ಕಾರಿಗೆ ಕೊಟ್ಟದ್ದು. ಪಿಕಪ್‌ನಲ್ಲಿ ಹೇರಿಕೊಂಡು ತೋಟಕ್ಕೆ ಹೋಗಿ. ಪ್ರತಿ ನಟ್ಟಿನಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಡಿ. ಹತ್ತು ಕಿಲೋಮೀಟರ್ ಆದ ಮೇಲೆ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ.

ಬಣ್ಣಕ್ಕೆ ಅವಸರ ಬೇಡ. ಒಂದು ತಿಂಗಳು ತೆಳು ಬೂದು ಪ್ರೈಮರ್‌ನಲ್ಲೇ ಓಡಿಸಿ. ಜಾಯಿಂಟ್ ಬಿರುಕು ಬಿಟ್ಟರೆ ಪ್ರೈಮರ್ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಮೂಡುತ್ತದೆ. ದಪ್ಪ ಪೌಡರ್ ಕೋಟಿಂಗ್ ಕೆಳಗೆ ಅದೇ ಬಿರುಕು ಪೈಪು ತುಂಡಾಗುವವರೆಗೂ ಕಾಣುವುದಿಲ್ಲ.